ಬರ್ತೀನಿ ಅಂದ ಅರಸ

ಆ ಊರಿನಲ್ಲಿ ಯಾರೂ ಕೂರುತ್ತಿರಲಿಲ್ಲ.

ನಿಲ್ಲಬಹುದಿತ್ತು. ನಡೆಯಬಹುದಿತ್ತು. ದಣಿದರೆ ಮಲಗಬಹುದಿತ್ತು. ಕೂರುವಂತಿರಲಿಲ್ಲ. ಮಲಗಿದವರು ಏಳುವಾಗ ಮಗ್ಗುಲಾಗಿ, ಕೈಯೂರಿ, ಒಂದೇ ಸಲಕ್ಕೆ ಎದ್ದು ನಿಲ್ಲಬೇಕು. ಅರ್ಧದಲ್ಲಿ ತಡೆಯುವಂತಿರಲಿಲ್ಲ.

ಇದು ಶುರುವಾದದ್ದು ಒಂದು ಮಾತಿನಿಂದ.

ಮೂವತ್ತೆರಡು ವರ್ಷದ ಕೆಳಗೆ ಆ ಊರಿನ ಅರಸನನ್ನು ಓಡಿಸಿದರು. ಯಾಕೆ ಓಡಿಸಿದರು ಎಂಬುದಕ್ಕೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಿದ್ದರು. ಅರಸ ಬರಿಗಾಲಲ್ಲಿ, ಹೆಗಲ ಮೇಲೊಂದು ಗಂಟು ಹೊತ್ತು, ದೊಡ್ಡ ಬೀದಿಯಲ್ಲಿ ನಡೆದ. ಹೋಗುವವರನ್ನು ಕೂತು ಕಳಿಸಬಾರದು ಎಂಬುದು ಆ ಊರಿನ ಹಳೆಯ ನಡತೆ. ಎಲೆಯ ಮುಂದಿದ್ದವರು ಎದ್ದರು. ಮಗ್ಗದ ಮುಂದಿದ್ದವರು ಎದ್ದರು. ಓಡಿಸಿದವರೂ ಎದ್ದರು. ಊರ ಬಾಗಿಲಲ್ಲಿ ಅರಸ ಹಿಂದಿರುಗಿ ನೋಡಿ ಒಂದೇ ಮಾತು ಹೇಳಿದ.

"ಬರ್ತೀನಿ."

ಬಾಗಿಲು ಮುಚ್ಚಿತು. ಜನ ಇನ್ನೇನು ಕೂರಬೇಕು, ಮಂತ್ರಿ ಕೈ ಎತ್ತಿದ.

"ಬರ್ತೀನಿ ಅಂದಿದ್ದಾರೆ. ಅರಸರ ಮಾತು. ಅವರು ಬಂದು ಕೂರೋವರೆಗೆ ನಾವು ಕೂರೋದು ಹೇಗೆ?"

ಓಡಿಸಿದವರಿಗೆ ನಾಚಿಕೆಯಾಗಿತ್ತು. ಓಡಿಸಲು ಬಿಟ್ಟವರಿಗೆ ಇನ್ನೂ ಹೆಚ್ಚು ನಾಚಿಕೆಯಾಗಿತ್ತು. ಯಾರೂ ಕೂರಲಿಲ್ಲ. ಆ ಸಂಜೆ ಹೋಯಿತು. ಆ ತಿಂಗಳು ಹೋಯಿತು. ಅದೇ ನಿಯಮವಾಗಿ ನಿಂತಿತು.

ನೇಕಾರರು ಮಗ್ಗದ ಗುಂಡಿಯನ್ನು ಸೊಂಟದುದ್ದ ತೋಡಿ ನಿಂತು ನೇಯ್ದರು. ಬೀಸುವ ಕಲ್ಲು ಕಟ್ಟೆಯೇರಿತು. ಒಲೆ ಸೊಂಟದ ಮಟ್ಟಕ್ಕೆ ಬಂತು. ಹಸೆಮಣೆಗಳು ಆ ಒಲೆಗೆ ಹೋದವು. ಮುದುಕರು ಗೋಡೆಗೆ ಒರಗಿ ತೂಕಡಿಸುತ್ತಿದ್ದರು. ಪ್ರತಿ ಗೋಡೆಯ ಮೇಲೂ ಬೆನ್ನಿನೆತ್ತರದಲ್ಲಿ ಎಣ್ಣೆಜಿಡ್ಡಿನ ಗುರುತು. ಊರಿಗೆಲ್ಲ ಒಂದೇ ಸದ್ದು, ಕಾಲು ಬದಲಿಸುವ ಸದ್ದು. ಎಡ, ಬಲ. ಎಡ, ಬಲ. ಮೊದಲ ಸಲ ಬಂದವರು ಹನಿ ಬೀಳುತ್ತಿದೆಯೇನೋ ಎಂದು ತಲೆಯೆತ್ತಿ ನೋಡುತ್ತಿದ್ದರು.

ಸಂಜೆ ನೋಟಗಾರ ಬರುತ್ತಿದ್ದ. ಕೈಯಲ್ಲಿ ಬಿಳಿ ಕೋಲು. ಬಾಗಿಲ ಮುಂದೆ ಕೋಲು ಕುಟ್ಟಿ "ಹಿಂದೆ ತಿರುಗಿ" ಅನ್ನುತ್ತಿದ್ದ. ಮನೆಯವರೆಲ್ಲ ಸಾಲಾಗಿ ಬೆನ್ನು ತಿರುಗಿಸುತ್ತಿದ್ದರು. ಸೀರೆ, ಪಂಚೆ, ಲಂಗ, ಯಾವುದರ ಹಿಂಭಾಗದಲ್ಲಿ ದೂಳು ಕಂಡರೂ ಕೂತಿದ್ದಾರೆ ಎಂದು ಅರ್ಥ. ಆ ಮನೆಯ ಬಾಗಿಲಿಗೆ ಮುಳ್ಳು. ಅವರಿಗೆ ಊರಲ್ಲಿ ಬೆಂಕಿಯಿಲ್ಲ, ನೀರಿಲ್ಲ. ನೋಟಗಾರ ಕೆಟ್ಟವನಲ್ಲ. ಇಲ್ಲದಿದ್ದರೆ "ದೂಳಿಲ್ಲ" ಅನ್ನುತ್ತಿದ್ದ. ಇದ್ದರೆ "ದೂಳಿದೆ" ಅನ್ನುತ್ತಿದ್ದ. ತನ್ನ ತಾಯಿಯ ಸೀರೆ ನೋಡಿಯೂ ಒಮ್ಮೆ "ದೂಳಿದೆ" ಅಂದಿದ್ದ.

ಕೂರದ ಊರಿನಲ್ಲಿ ಮಡಿಲಿರುವುದಿಲ್ಲ. ಇದು ಮೊದಲ ದಿನ ಯಾರಿಗೂ ಹೊಳೆದಿರಲಿಲ್ಲ.

ಆ ಊರಿನಲ್ಲಿ ಮಗುವಿಗೆ ಹೆಸರಿಡುವವಳು ಸೋದರತ್ತೆ. ತೊಡೆಯ ಮೇಲೆ ಹಾಕಿಕೊಂಡು ಕಿವಿಯಲ್ಲಿ ಮೂರು ಸಲ ಹೇಳಬೇಕು. ಅಲ್ಲಿಯವರೆಗೆ ಹೆಸರು ಅವಳ ಬಾಯಿ ಬಿಟ್ಟು ಹೊರಗೆ ಬರುವಂತಿಲ್ಲ. ಹೆತ್ತವಳಿಗೂ ತಿಳಿಯುವಂತಿಲ್ಲ. ತೊಡೆಯಿಲ್ಲದ ಮೇಲೆ ಹೆಸರಿಲ್ಲ. ಒಬ್ಬ ಅತ್ತೆ ತಡೆಯಲಾರದೆ ನಿಂತುಕೊಂಡೇ ಹೇಳಿಬಿಟ್ಟಳು. ಆ ಹುಡುಗ ಮೂರು ದಿನ ಓಗೊಟ್ಟ. ನಾಲ್ಕನೆಯ ದಿನ ಕರೆದಾಗ, ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂದು ಸುತ್ತ ನೋಡಿದ. ಹೆಸರು ಜಾರಿಹೋಗಿತ್ತು.

ಹೀಗೆ ಮೂವತ್ತೆರಡು ವರ್ಷದ ಒಳಗಿನವರಿಗೆ ಹೆಸರೇ ಇಲ್ಲ. ಕೈ ತಟ್ಟಿ ಕರೆಯುತ್ತಿದ್ದರು. ಬೀದಿಯಲ್ಲಿ ಒಂದು ಚಪ್ಪಾಳೆ ಕೇಳಿದರೆ ಹತ್ತು ಜನ ತಿರುಗುತ್ತಿದ್ದರು. ಹಳಬರಿಗೆ ಹೆಸರಿತ್ತು. ಮಕ್ಕಳ ಮುಂದೆ ಹೇಳಿಕೊಳ್ಳಲು ಸಂಕೋಚ. ಅವರೂ ಬಿಟ್ಟರು.

ಅತ್ತೆಯರು ಒಬ್ಬೊಬ್ಬರಾಗಿ ಸಾಯುತ್ತಿದ್ದರು. ಅವರ ಜೊತೆ ಹೆಸರುಗಳು ಮಣ್ಣಿಗೆ ಹೋಗುತ್ತಿದ್ದವು.

ಬಡಗಿಯ ಮನೆಯಲ್ಲಿ ಒಬ್ಬ ಅತ್ತೆಯಿದ್ದಳು. ಅರಸ ಹೋದ ದಿನವೇ ಅವಳ ಅಣ್ಣನ ಮಗಳಿಗೆ ಹೆಸರಿಡುವ ದಿನ. ಹನ್ನೆರಡು ದಿನದ ಕೂಸು ತೊಡೆಯ ಮೇಲಿತ್ತು. ಅತ್ತೆ ಕಿವಿಗೆ ಬಾಗಿದ್ದಳು. ಬೀದಿಯಲ್ಲಿ ಅರಸ ಬಂದ. ಎಲ್ಲರೂ ಎದ್ದರು. ಅವಳೂ ಕೂಸನ್ನೆತ್ತಿಕೊಂಡು ಎದ್ದಳು. ಆಮೇಲೆ ಹೇಳಿದರಾಯಿತು ಅಂದುಕೊಂಡಳು. ಆ ಆಮೇಲೆ ಬರಲೇ ಇಲ್ಲ.

ಹೆಸರು ಮರೆಯಬಾರದೆಂದು ಅವಳು ಒಂದು ಉಪಾಯ ಮಾಡಿಕೊಂಡಿದ್ದಳು. ಎರಡಕ್ಷರದ ಹೆಸರು. ಎಡಗಾಲಿಗೆ ಒಂದಕ್ಷರ, ಬಲಗಾಲಿಗೆ ಒಂದಕ್ಷರ. ಕಾಲು ಬದಲಿಸಿದಾಗಲೆಲ್ಲ ಹೆಸರು ಒಂದು ಸುತ್ತು ಬರುತ್ತಿತ್ತು. ಬಾಯಿ ಮುಚ್ಚಿರುತ್ತಿತ್ತು. ಕಾಲು ಹೇಳುತ್ತಿತ್ತು. ಮಲಗಿದಾಗಲೂ ಕಂಬಳಿಯ ಕೆಳಗೆ ಪಾದಗಳು ಆಡುತ್ತಿದ್ದವು. ಎಡ, ಬಲ. ಎಡ, ಬಲ.

ಕೂಸು ಬೆಳೆದು ಬಡಗಿಯ ಹೆಂಡತಿಯಾದಳು. ಅಣ್ಣ ಸತ್ತ ಮೇಲೆ ಅತ್ತೆಗೆ ಈ ಸೋದರಸೊಸೆಯೇ ದಿಕ್ಕು.

ಈ ವರ್ಷ ಅತ್ತೆಯ ಮಂಡಿಗಳು ಊದಿದವು. ವೈದ್ಯ ಬಂದು ಒತ್ತಿ ನೋಡಿದ. "ಇನ್ನು ಹದಿನೈದು ದಿನ ನಿಲ್ಲಬಹುದು" ಅಂದ. "ಆಮೇಲೆ ಮಲಗ್ತಾರೆ. ಮಲಗಿದರೆ ಏಳಲ್ಲ."

ಅವನು ಹೋದ ಮೇಲೆ ಸೊಸೆ ಅತ್ತೆಯ ಮುಂದೆ ನಿಂತಳು.

"ಅತ್ತೆ, ನಿಂತೇ ಹೇಳಿಬಿಡು."

"ಜಾರುತ್ತೆ."

"ಜಾರಿದರೆ ಜಾರಲಿ. ಮೂರು ದಿನ ಆದರೂ ಇರುತ್ತಲ್ಲ."

"ಮೂರು ದಿನಕ್ಕೆ ಹೆಸರನ್ನ ಬಾಡಿಗೆಗೆ ತಗೊಳ್ತೀಯೇನೇ?"

"ಹಂಗಾದರೆ ಬೇಡವೇ ಬೇಡ. ಇಷ್ಟು ವರ್ಷ ಚಪ್ಪಾಳೆಗೆ ಓಗೊಟ್ಟಿದ್ದೀನಿ. ಇನ್ನಷ್ಟು ವರ್ಷ ಕೊಡ್ತೀನಿ."

"ಈ ಊರಲ್ಲಿ ನಾಯಿಗೂ ಹೆಸರಿದೆ ಕಣೇ" ಅಂದಳು ಅತ್ತೆ. "ನಾಯಿ ಕೂರುತ್ತೆ."

ಆ ವಾರವೇ ಉಪ್ಪು ಮಾರುವವನು ಸುದ್ದಿ ತಂದ. ಅರಸ ಬದುಕಿದ್ದಾನೆ. ಹುಣ್ಣಿಮೆಯ ದಿನ ಬರುತ್ತಾನೆ.

ಊರು ನಿಂತಲ್ಲೇ ನಡುಗಿತು. ಕಾಲು ಬದಲಿಸುವ ಸದ್ದು ಎರಡರಷ್ಟಾಯಿತು. ಬೀದಿ ತೊಳೆದರು. ತೋರಣ ಕಟ್ಟಿದರು. ಮಂತ್ರಿ ಡಂಗುರ ಸಾರಿಸಿದ: ಅರಸರು ಸಿಂಹಾಸನದ ಮೇಲೆ ಕೂರುತ್ತಲೇ ಕಹಳೆಯಾಗುತ್ತದೆ. ಕಹಳೆಯಾದ ಮೇಲೆ ಊರು ಕೂರಬಹುದು. ಮುಂದಿನ ಸಾಲು ಅತ್ತೆಯರಿಗೆ.

ಹಳೆಯ ಸಿಂಹಾಸನವನ್ನು ಗೆದ್ದಲು ತಿಂದಿತ್ತು. ಹೊಸದು ಮಾಡಲು ಬಡಗಿಯನ್ನು ಅರಮನೆಗೆ ಕರೆಸಿದರು. ಬಡಗಿ ಬಾಗಿಲು ಮಾಡಿದ್ದ. ತೊಟ್ಟಿಲು ಮಾಡಿದ್ದ. ನೇಗಿಲು ಮಾಡಿದ್ದ. ಕೂರುವ ವಸ್ತುವನ್ನು ಮಾಡಿರಲಿಲ್ಲ, ನೋಡಿಯೂ ಇರಲಿಲ್ಲ. ಕಲಿಸಬೇಕಾಗಿದ್ದ ಅಪ್ಪ ಸತ್ತು ಎಷ್ಟೋ ವರ್ಷವಾಗಿತ್ತು.

"ಎಷ್ಟು ಎತ್ತರ ಇರಬೇಕು, ಸ್ವಾಮಿ?" ಎಂದು ಮಂತ್ರಿಯನ್ನು ಕೇಳಿದ.

"ಅರಸರ ಪೀಠ. ಎತ್ತರವಾಗೇ ಇರಬೇಕು."

"ಮೈ ಎಲ್ಲಿ ಮಡಿಸ್ತಾರೆ? ಸೊಂಟದಲ್ಲೋ, ಮಂಡೀಲೋ?"

"ಹೇಳೋದೂ ತೋರಿಸಿದ ಹಾಗೆ. ತೋರಿಸೋದೂ ಕೂತ ಹಾಗೆ. ನಿನಗೆ ಬಾಗಿಲಿಗೆ ಮುಳ್ಳು ಬೇಕಾ? ಕೆಲಸ ನೋಡು."

ಬಡಗಿ ತನಗೆ ಗೊತ್ತಿದ್ದ ಅಳತೆ ಹಿಡಿದ. ಒಲೆ ಸೊಂಟದೆತ್ತರ. ಬೀಸುವ ಕಲ್ಲು ಸೊಂಟದೆತ್ತರ. ಅರಸನದು ಅದಕ್ಕಿಂತ ಎರಡು ಗೇಣು ಹೆಚ್ಚಿರಲಿ ಎಂದು ಎದೆಮಟ್ಟಕ್ಕೆ ಹಲಗೆ ಹೊಡೆದ. ಹಲಗೆಯ ಅಗಲ ಒಂದು ಗೇಣು, ಅಷ್ಟೇ. ಎರಡು ಕಡೆ ಸಿಂಹ ಕೆತ್ತಿದ. ಸಿಂಹಗಳು ಚೆನ್ನಾಗಿ ಬಂದವು. ಅವೂ ನಿಂತೇ ಇದ್ದವು.

ಉಳಿದ ಮರದಲ್ಲಿ ಮನೆಗೊಂದರಂತೆ ಮಣೆ ಮಾಡಿಕೊಟ್ಟ. ಮಣೆ ಕೈಗೆ ಬಂದ ಮೇಲೆ, ಯಾವ ಮಗ್ಗುಲು ಮೇಲೆ ಎಂದು ಬೀದಿ ಬೀದಿಯಲ್ಲಿ ಜಗಳವಾಯಿತು.

ಹುಣ್ಣಿಮೆ ಬಂತು. ಬೆಳಗಾಗುವ ಹೊತ್ತಿಗೆ ಊರೆಲ್ಲ ಅರಮನೆಯ ಬಯಲಲ್ಲಿತ್ತು. ಕಂಕುಳಲ್ಲಿ ಮಣೆ, ಕಾಲ ಕೆಳಗೆ ಸದ್ದು. ಅರಸ ಬಂದಿದ್ದಾನಂತೆ, ಬಾಗಿಲ ಹೊರಗಿದ್ದಾನಂತೆ ಎಂದು ಮಾತು ಓಡಾಡಿತು. ಮಂತ್ರಿ ಬಾಗಿಲು ತೆಗೆಸಲಿಲ್ಲ. ಮುಹೂರ್ತ ನಡುಹಗಲಿಗಿತ್ತು. ಡೊಳ್ಳು ಬಡಿದರು. ನಿಲ್ಲಿಸಿದರು. ಮತ್ತೆ ಬಡಿದರು. ಮುಂದಿನ ಸಾಲಿನಲ್ಲಿ ಅತ್ತೆಯರು ಒಬ್ಬರ ಭುಜ ಒಬ್ಬರು ಹಿಡಿದು ನಿಂತಿದ್ದರು. ಅವರ ಹಿಂದೆ ಮೀಸೆ ಬಂದ ಗಂಡಸರು, ಮಕ್ಕಳ ತಾಯಂದಿರು, ಹೆಸರಿಲ್ಲದವರೆಲ್ಲ.

"ಇವತ್ತು ನಮ್ಮತ್ತೆ ಬಾಯಿ ಬಿಟ್ಟರೆ ಏನು ಬರುತ್ತೋ" ಅಂದ ಒಬ್ಬ. "ಕತ್ತೆ ಅಂತ ಇಟ್ಟಿದ್ದರೆ?"

"ಸರಿಯಾಗೇ ಇಟ್ಟಿದ್ದಾಳೆ ಅಂತ ಅರ್ಥ" ಅಂದ ಪಕ್ಕದವನು.

ನಡುಹಗಲಿಗೆ ಬಾಗಿಲು ತೆರೆಯಿತು.

ಒಬ್ಬ ಮುದುಕ ಒಳಗೆ ಬಂದ. ಕುಳ್ಳ. ಮಂಡಿಯವರೆಗೆ ಪಂಚೆ. ಹೆಗಲ ಮೇಲೆ ಗಂಟು. ಕೈಗಳು ಮಾತ್ರ ದೊಡ್ಡವು, ಅಂಗೈ ತುಂಬ ಜಡ್ಡು. ಅವನ ಮೇಲೆ ಹೂ ಬಿತ್ತು. "ಬಂದರು, ಬಂದರು" ಎಂದು ಬಯಲು ಕೂಗಿತು. ಅವನು ಮುಖಗಳನ್ನು ನೋಡಲಿಲ್ಲ. ಕಾಲುಗಳನ್ನು ನೋಡಿದ.

"ಎಲ್ಲ ಯಾಕಪ್ಪ ಹಿಂಗೆ ಕುಣೀತಿದ್ದೀರಿ?"

ಮಂತ್ರಿ ಅವನ ಕೈ ಹಿಡಿದು ಸಿಂಹಾಸನದ ಮುಂದೆ ನಿಲ್ಲಿಸಿದ. ಅರಸ ತಲೆಯೆತ್ತಿ ನೋಡಿದ.

"ಇದೇನು, ಅಟ್ಟವಾ?"

"ಸಿಂಹಾಸನ, ಮಹಾಸ್ವಾಮಿ. ದಯಮಾಡಿಸಬೇಕು."

ನಾಲ್ವರು ಅವನನ್ನು ಎತ್ತಿ ಹಲಗೆಗೆ ತಾಗಿಸಿದರು. ಜಾರಿದ. ಮತ್ತೆ ಎತ್ತಿದರು. ಮತ್ತೆ ಜಾರಿದ. ಕಹಳೆಯವನು ಕಹಳೆಯನ್ನು ತುಟಿಗಿಡುವುದು, ತೆಗೆಯುವುದು. ಜನ ಮಣೆ ಕೆಳಗಿಡುವುದು, ಎತ್ತಿಕೊಳ್ಳುವುದು. ಮೂರನೆಯ ಸಲ ಒಬ್ಬ ಅರಸನ ಸೊಂಟ ಹಿಡಿದ, ಇಬ್ಬರು ಪಾದ ಹಿಡಿದರು. ಅರಸ ಒಂದು ಸಿಂಹದ ಕಿವಿ ಹಿಡಿದುಕೊಂಡ. ಕಿವಿ ಕೈಗೆ ಬಂತು.

"ಬಿಡ್ರಪ್ಪ, ನೆಲದ ಮೇಲೇ ಕೂರ್ತೀನಿ."

ಮಂತ್ರಿ ಅವನ ಎರಡೂ ರಟ್ಟೆ ಹಿಡಿದು ನಿಲ್ಲಿಸಿದ. "ಉಂಟೇ ಮಹಾಸ್ವಾಮಿ? ನೆಲದ ಮೇಲೆ ಕೂತರೆ ಅರಸರು ಕೂತ ಹಾಗಲ್ಲ."

ಬಡಗಿ ಮುಂದೆ ಬಂದ. "ತಪ್ಪಾಯಿತು ಸ್ವಾಮಿ. ಈಗಲೇ ಕಾಲು ಕುಯ್ದು ಇಳಿಸ್ತೀನಿ."

"ಪೂಜೆಯಾದ ಪೀಠಕ್ಕೆ ಗರಗಸ ಹಾಕ್ತೀಯ?" ಮಂತ್ರಿ ಜನರ ಕಡೆ ತಿರುಗಿದ. "ಇನ್ನೊಂದು ಮಾಡಿಸೋಣ. ಮುಂದಿನ ಹುಣ್ಣಿಮೆಗೆ ಮುಹೂರ್ತ ಇದೆ. ಮೂವತ್ತೆರಡು ವರ್ಷ ನಿಂತವರಿಗೆ ಒಂದು ತಿಂಗಳು ಯಾವ ಮಹಾ?"

ಬಯಲು ನಿಟ್ಟುಸಿರು ಬಿಟ್ಟಿತು. ಮಣೆಗಳು ಕಂಕುಳಿಗೆ ಹೋದವು. ಕಾಲುಗಳು ಮತ್ತೆ ಶುರು ಮಾಡಿದವು. ಎಡ, ಬಲ. ಎಡ, ಬಲ.

ಮುಂದಿನ ಸಾಲಿನಲ್ಲಿ ಬಡಗಿಯ ಮನೆಯ ಅತ್ತೆ ತನ್ನ ಮಂಡಿಗಳನ್ನು ನೋಡಿಕೊಂಡಳು. ಮುಂದಿನ ಹುಣ್ಣಿಮೆ ಆ ಮಂಡಿಗಳಲ್ಲಿರಲಿಲ್ಲ.

ಅವಳು ಕೂತಳು.

ಬೇಗ ಕೂರಲಿಲ್ಲ. ಒಂದು ಕೈ ಮೊದಲು ನೆಲಕ್ಕೆ ಹೋಯಿತು. ಆಮೇಲೆ ಇನ್ನೊಂದು. ಆಮೇಲೆ ಮೈ, ಭಾರದ ಮೂಟೆ ಇಳಿಸಿದ ಹಾಗೆ. ಕಾಲು ಚಾಚಿಕೊಂಡಳು. ಡೊಳ್ಳು ನಿಂತಿತು. ಸುತ್ತಲಿದ್ದವರು ಬೆಂಕಿ ಬಿದ್ದ ಹಾಗೆ ಹಿಂದೆ ಸರಿದರು. ಸೊಸೆ ಮಾತ್ರ ಸರಿಯಲಿಲ್ಲ.

ನೋಟಗಾರ ಬಂದು ಕೋಲು ಕುಟ್ಟಿದ.

"ಎದ್ದು ಹಿಂದೆ ತಿರುಗಿ."

"ಏಳೋಕೆ ಆಗಲ್ಲಪ್ಪ. ದೂಳಿದೆ ಅಂತ ಹೇಳಿ ಹೋಗು."

"ನೋಡದೆ ಹೇಳೋ ಹಾಗಿಲ್ಲ."

"ನೋಡೋದೇ ಆದರೆ ಮೊದಲು ಆ ಯಪ್ಪನ ಪಂಚೆ ನೋಡು. ಮೂರು ಸಲ ಎತ್ತಿದರಲ್ಲ, ನಮ್ಮ ಸಾಲಿಗೆಲ್ಲ ದೂಳು ಕಂಡಿದೆ."

ನೋಟಗಾರ ನಿಂತು ಯೋಚಿಸಿದ. ಅವನಿಗೆ ಬರುತ್ತಿದ್ದ ಕೆಲಸ ಒಂದೇ. ಅರಸನ ಹತ್ತಿರ ನಡೆದು ಕೋಲು ಕುಟ್ಟಿದ.

"ಹಿಂದೆ ತಿರುಗಿ."

"ಏಯ್!" ಅಂದ ಮಂತ್ರಿ.

ಅರಸ ತಿರುಗಿದ. ನೋಟಗಾರ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಮೇಲೆ ಕೆಂಪು ಮಣ್ಣು. ಅದರಡಿ ಹೊಳೆದಂಡೆಯ ಕರಿ ಕೆಸರು. ಅದರಡಿ ಒಗೆದರೂ ಹೋಗದ ಹಲಗೆಯ ಕಲೆ.

"ದೂಳಿದೆ" ಅಂದ.

ಬಯಲಿನಲ್ಲಿ ಒಂದು ಕಾಲೂ ಅಲುಗಲಿಲ್ಲ.

"ಎಲ್ಲಿ ಕೂತಿದ್ದಿರಿ?" ಎಂದು ನೋಟಗಾರ ಕೇಳಿದ.

"ಬೆಳಗ್ಗೆಯಿಂದ ನಿಮ್ಮ ಬಾಗಿಲ ಹೊರಗೆ, ಕಲ್ಲಿನ ಮೇಲೆ. ನೀವು ತೆಗೀಲಿಲ್ಲ."

"ಅದಕ್ಕೆ ಮುಂಚೆ?"

"ದೋಣಿ ಮೇಲೆ. ಇಷ್ಟು ವರ್ಷವೂ ಹುಟ್ಟು ಹಾಕ್ತಿದ್ದೆ. ಹುಟ್ಟು ಹಾಕೋನು ನಿಂತ್ಕೊಂಡು ಹಾಕ್ತಾನಾ?"

"ಊರು ಬಿಟ್ಟ ದಿನ?"

ಅರಸ ನೆನಪು ಮಾಡಿಕೊಂಡ. "ಅದೇ ಕಲ್ಲಿನ ಮೇಲೆ. ಬಾಗಿಲು ಹಾಕಿದಿರಲ್ಲ, ಗಂಟು ಇಳಿಸಿದೆ. ಕೂತೆ. ಕತ್ತಲಾಗೋವರೆಗೂ ಕೂತಿದ್ದೆ."

ಮಂತ್ರಿ ಮುಂದೆ ಬಂದ. "ಬರ್ತೀನಿ ಅಂದಿರಿ, ಮಹಾಸ್ವಾಮಿ. ಆ ಮಾತಿಗೆ ಊರು ನಿಂತಿದೆ."

"ಹೊರಡೋನು ಇನ್ನೇನು ಅಂತಾನಯ್ಯ? ಹೋಗ್ತೀನಿ ಅನ್ನೋಕಾಗುತ್ತಾ? ಎಲ್ಲರೂ ಅನ್ನೋದನ್ನೇ ಅಂದೆ. ನೀವು ನಿಂತೇ ಇದ್ದೀರಿ ಅಂತ ಉಪ್ಪಿನವನು ಹೇಳಿದ. ನಂಬಲಿಲ್ಲ. ನೋಡಿ, ಕೂತ್ಕೊಳ್ಳಿ ಅಂತ ಹೇಳಿಹೋಗೋಣ ಅಂತ ಬಂದೆ."

ನೋಟಗಾರ ಕೋಲನ್ನು ನೆಲದ ಮೇಲಿಟ್ಟ. ಎಸೆಯಲಿಲ್ಲ, ಇಟ್ಟ. "ನಮ್ಮವ್ವನ ಸೀರೆ..." ಅಂದ.

ಅತ್ತೆ ಇದಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಎರಡು ಸಲ ಕೈ ತಟ್ಟಿದಳು.

"ಬಾರೇ."

ಸೊಸೆ ದೊಡ್ಡ ಹೆಂಗಸು. ಜೀವಮಾನದಲ್ಲಿ ಕೂತವಳಲ್ಲ. ಮಂಡಿ ಎಲ್ಲಿ ಬಗ್ಗಿಸಬೇಕೋ ತಿಳಿಯದೆ ಮರ ಬಿದ್ದ ಹಾಗೆ ಅತ್ತೆಯ ತೊಡೆಯ ಮೇಲೆ ಬಿದ್ದಳು. ಅತ್ತೆ ನೋವಿಗೆ ಹಲ್ಲು ಕಚ್ಚಿದಳು. ಅವಳ ತಲೆಯನ್ನು ತೋಳಿಗೆ ಎಳೆದುಕೊಂಡು ಕಿವಿಗೆ ಬಾಗಿದಳು. ಮೂವತ್ತೆರಡು ವರ್ಷದ ಕೆಳಗೆ ಬಾಗಿದ್ದ ಹಾಗೆಯೇ.

ಬಾಯಿ ತೆರೆಯಿತು. ಏನೂ ಬರಲಿಲ್ಲ.

ತೊಡೆಯ ಮೇಲೆ ಭಾರ ಬಿದ್ದಿತ್ತು. ಕಾಲುಗಳ ಎಡ, ಬಲ ನಿಂತುಹೋಗಿತ್ತು.

"ಏನತ್ತೆ?"

"ಹೋಯಿತು ಕಣೇ."

"ಏನು ಹೋಯಿತು?"

"ಈಗಿತ್ತು. ಇಲ್ಲಿಗೆ ಬರೋವರೆಗೂ ಇತ್ತು. ಹೋಯಿತು."

ಸೊಸೆ ಏಳಲು ನೋಡಿದಳು. ಅತ್ತೆ ಬಿಡಲಿಲ್ಲ. ಮಂತ್ರಿ "ಕಹಳೆಯಾಗಿಲ್ಲ, ಯಾರೂ ಕೂರುವಂತಿಲ್ಲ" ಎಂದು ಕೂಗುತ್ತಿದ್ದ. ಸೊಸೆ ಅತ್ತೆಯ ತೋಳಿಗೆ ಮುಖ ಒತ್ತಿ ಅತ್ತಳು. ದೊಡ್ಡವರು ಅಳುವ ಹಾಗಲ್ಲ. ಮೊದಲು ಉಸಿರು ಕಟ್ಟಿತು, ಆಮೇಲೆ ದನಿ ಬಂತು.

ತೊಡೆಯ ಮೇಲಿನ ಕೂಸು ಅತ್ತರೆ ಹೆಂಗಸರು ಏನು ಮಾಡುತ್ತಾರೋ ಅತ್ತೆಯೂ ಅದನ್ನೇ ಮಾಡಿದಳು. ತಿಳಿದು ಮಾಡಲಿಲ್ಲ. ಊದಿದ ಎಡಮಂಡಿ ಒಂದಿಷ್ಟು ಮೇಲೆದ್ದಿತು. ಇಳಿಯಿತು. ಬಲಮಂಡಿ ಎದ್ದಿತು. ಇಳಿಯಿತು. ಎಡ, ಬಲ. ಎಡ, ಬಲ. ದೊಡ್ಡ ಮೈ ತೂಗತೊಡಗಿತು.

ಅತ್ತೆಯ ಮುಖ ತಿಳಿಯಾಯಿತು. ಬಾಗಿ ಕಿವಿಯಲ್ಲಿ ಹೇಳಿದಳು. ಮೂರು ಸಲ ಹೇಳಿದಳು.

ಸೊಸೆ ಅಳು ನಿಲ್ಲಿಸಿ ಕಣ್ಣು ಬಿಟ್ಟಳು.

"ಕೆಂಚಿ?"

"ಹೂಂ."

"ನಾನೆಲ್ಲಿ ಕೆಂಚಿ, ಅತ್ತೆ? ಕರ್ರಗಿದ್ದೀನಿ."

"ಹುಟ್ಟಿದಾಗ ಕೆಂಪಗಿದ್ದೆ. ಬಿಸಿಲಲ್ಲಿ ನಿಂತೂ ನಿಂತೂ ಹಿಂಗಾದೆ."

ಪೀಠದ ಹತ್ತಿರ ನಿಂತಿದ್ದ ಬಡಗಿ ಅಭ್ಯಾಸದಂತೆ ಕೈ ತಟ್ಟಲು ಹೋದ. ಅರ್ಧದಲ್ಲಿ ನಿಲ್ಲಿಸಿದ. ಬಾಯಲ್ಲಿ ಹೆಸರನ್ನು ಒಮ್ಮೆ ತಿರುಗಿಸಿ ನೋಡಿ, ಕೂಗಿದ.

"ಕೆಂಚೀ."

"ಓ" ಅಂದಳು. ಬಯಲಿನಲ್ಲಿ ಬೇರೆ ಯಾರೂ ತಿರುಗಲಿಲ್ಲ. ಅವಳೊಬ್ಬಳೇ.

ಆಮೇಲೆ ಅತ್ತೆಯರು ಒಬ್ಬೊಬ್ಬರಾಗಿ ಇಳಿದರು. ಮಂಡಿಗಳು ಒಣ ಸೌದೆಯಂತೆ ಸದ್ದು ಮಾಡಿದವು. ಮೀಸೆ ಬಂದ ಗಂಡಸರು ತೊಡೆಗಳ ಮೇಲೆ ಉರುಳಿದರು. ಮಣೆ ತಲೆಕೆಳಗು ಹಾಕಿಕೊಂಡು ಕೆಲವರು ಬಿದ್ದರು. ಕೆಲವರು ಕೂತು, ಹೆದರಿ ಎದ್ದು, ದೂಳು ಕೊಡವಿಕೊಂಡು ಮತ್ತೆ ಕೂತರು. ಅತ್ತೆ ಸತ್ತಿದ್ದವರು ಸುಮ್ಮನೆ ನಿಂತು ನೋಡುತ್ತಿದ್ದರು. ಕೆಲವರಿಗೆ ಕೂತರೂ ಕಾಲು ನಿಲ್ಲಲಿಲ್ಲ. ನೆಲದ ಮೇಲೇ ಪಾದಗಳು ಆಡುತ್ತಿದ್ದವು. ಕಹಳೆಯವನು ಕಹಳೆಯನ್ನು ಪಕ್ಕಕ್ಕಿಟ್ಟು ತನ್ನ ಅತ್ತೆಯನ್ನು ಹುಡುಕಿಕೊಂಡು ಹೋದ.

ಅರಸ ಪೀಠದ ನೆರಳಿನಲ್ಲಿ, ನೆಲದ ಮೇಲೆ ಕೂತಿದ್ದ. ಯಾರೋ ಮಜ್ಜಿಗೆ ಕೊಟ್ಟರು. ಕುಡಿದ. ಮುರಿದ ಸಿಂಹದ ಕಿವಿಯನ್ನು ಬಡಗಿಗೆ ವಾಪಸು ಕೊಟ್ಟ. "ಕೆತ್ತನೆ ಚೆನ್ನಾಗಿದೆ" ಅಂದ.

ಹೊತ್ತು ಇಳಿಯಿತು. ಅರಸ ಎದ್ದ. ಗಂಟನ್ನು ಹೆಗಲಿಗೇರಿಸಿದ.

ಅಷ್ಟೇ ಸಾಕಾಯಿತು. ಹೋಗುವವರನ್ನು ಕೂತು ಕಳಿಸಬಾರದಲ್ಲ. ಬಯಲಿನ ತುಂಬ ಕೈಗಳು ನೆಲಕ್ಕೆ ಊರಿದವು. ಮೈಗಳು ಮೇಲೆದ್ದವು. ಅತ್ತೆಯೂ ಕೆಂಚಿಯ ಭುಜಕ್ಕೆ ಕೈ ಹಾಕಿದಳು.

ಅರಸ ಅದನ್ನು ನೋಡಿದ. ಊರ ಬಾಗಿಲವರೆಗೆ ಕಾಯಲಿಲ್ಲ. ಅಲ್ಲಿಯೇ, ಎಲ್ಲರಿಗೂ ಕೇಳುವಂತೆ ಹೇಳಿದ.

"ಹೋಗ್ತೀನಿ."

ಸಿಂಹಾಸನದ ಕಾಲು ಹಿಡಿದು ನಿಂತಿದ್ದ ಮಂತ್ರಿ ಬೆಚ್ಚಿದ. "ಹಾಗನ್ನಬಾರದು, ಮಹಾಸ್ವಾಮಿ. ಬರ್ತೀನಿ ಅನ್ನಿ."

"ಹೋಗ್ತೀನಿ" ಅಂದ ಅರಸ.

ಏಳುತ್ತಿದ್ದವರು ಅರ್ಧದಲ್ಲಿ ತಡೆದರು. ಒಬ್ಬರ ಮುಖ ಒಬ್ಬರು ನೋಡಿದರು. ಮತ್ತೆ ಕೂತರು.

ಊರ ಬಾಗಿಲ ಕಡೆ ಒಬ್ಬನೇ ಒಬ್ಬನ ಕಾಲ ಸದ್ದು. ಎಡ, ಬಲ. ಎಡ, ಬಲ. ಅದೂ ನಿಂತಿತು.